ಒಳ್ಳೆಯ ಕಾಲ ಅಂದಿರಲ್ಲ, ಮಾವ

ಗೋಪಾಳ, ಶಿವಮೊಗ್ಗ
ಬುಧವಾರ

ಮಾವನವರಿಗೆ ಶೀಲಾ ಮಾಡುವ ನಮಸ್ಕಾರಗಳು.

‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಿದ್ದೆ. ನಮ್ಮಪ್ಪ ಹಿರಿಯರಿಗೆ ಹಾಗೇ ಬರೆಯುತ್ತಿದ್ದರು. ಬರೆದು ಓದಿಕೊಂಡರೆ ಯಾರೋ ಪರಿಚಯವಿಲ್ಲದವರಿಗೆ ಬರೆದ ಹಾಗೆ ಕಂಡಿತು. ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಇಪ್ಪತ್ತು ಚಿಲ್ಲರೆ ವರ್ಷ ಒಂದೇ ಮನೆಯಲ್ಲಿ ಇದ್ದವರು ನಾವು. ನಿಮಗೆ ಕಾಗದ ಬರೆಯುವ ಸಂದರ್ಭ ಬರುತ್ತದೆ ಎಂದು ಎಣಿಸಿರಲಿಲ್ಲ. ಫೋನ್ ಮಾಡಿದರೆ ನಿಮ್ಮ ತಂಗಿ ಶಂಕರಮ್ಮತ್ತೆ ಸ್ಪೀಕರ್ ಹಾಕುತ್ತಾರೆ. ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ “ಹ್ಞೂಂ, ಚೆನ್ನಾಗಿದೀನಿ ಕಣಮ್ಮ, ಇಡ್ತೀನಿ” ಎನ್ನುತ್ತೀರಿ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಈ ಜಗಳ ಹುಟ್ಟಿದ್ದೇ ಅಲ್ಲಿ. ನಮ್ಮ ಶಾಲೆಯ ರಂಜಿನಿ ಮೇಡಂ ದಿನಾ ಭದ್ರಾವತಿಯಿಂದ ರೈಲಿನಲ್ಲಿ ಓಡಾಡುತ್ತಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ದಯವಿಟ್ಟು ಒಬ್ಬರೇ ಕೂತು ಓದಿ.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಬರೆಯದೇ ಹೋದರೆ ಯಾವುದು ಹೇಗಾಯಿತು ಎಂದು ನನಗೇ ತಿಳಿಯುವ ಹಾಗಿಲ್ಲ. ತಲೆ ಅಷ್ಟು ಗೊಂದಲವಾಗಿದೆ.

ದೀಪಾವಳಿ ಮುಗಿದ ಮೇಲಿನ ಭಾನುವಾರ ಅದು. ನಿಮ್ಮ ಮಗ ಬೆಳಿಗ್ಗೆ ಮನೆಯ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದ್ದರು. ಸ್ವಾತಂತ್ರ್ಯ ಬಂದ ಮೇಲಿನ ಐವತ್ತು ವರ್ಷ ಈ ದೇಶ ನಿದ್ದೆ ಮಾಡಿತು ಎಂಬಂಥ ಒಕ್ಕಣೆ. ನೀವು ಅದಕ್ಕೆ ಉತ್ತರವಾಗಿ ಧ್ವನಿ ಸಂದೇಶ ಕಳಿಸಿದಿರಿ. ಪಕ್ಕದ ಕೋಣೆಯಲ್ಲೇ ಕೂತು, ಗೋಡೆಯ ಆಚೆಗಿರುವ ಮಗನಿಗೆ! ನಾನು ರೊಟ್ಟಿ ತಟ್ಟುತ್ತಾ ಎರಡು ಸಲ ಕೇಳಿಸಿಕೊಂಡೆ, ನೀವು ಹೇಳುವಾಗ ಒಂದು ಸಲ, ಅವರು ಫೋನಿನಲ್ಲಿ ಹಾಕಿಕೊಂಡಾಗ ಇನ್ನೊಂದು ಸಲ. ಊಟಕ್ಕೆ ಕೂತಾಗ ಅದೇ ಮುಂದುವರಿಯಿತು.

“ಅಪ್ಪ, ಒಂದು ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ತಿದ್ರಿ. ಗ್ಯಾಸ್ ಕನೆಕ್ಷನ್‌ಗೆ ಯಾರ್ಯಾರದೋ ಶಿಫಾರಸು ಬೇಕಿತ್ತು. ಅದನ್ನ ಒಳ್ಳೇ ಕಾಲ ಅಂತಾರಾ?” ಎಂದರು ಇವರು.

“ಕಾದ್ವಿ ಮಾರಾಯ. ಮ್ಯಾನೇಜರ್ರೂ ಕಾದ, ನಾನೂ ಕಾದೆ. ಈಗ ಯಾರು ಕಾಯ್ತಾರೆ ಹೇಳು? ಇಲ್ಲದವ್ನು ಮಾತ್ರ ಕಾಯ್ತಾನೆ” ಎಂದಿರಿ ನೀವು.

ಇವರು ಅಲ್ಲಿಂದ ಸಾವಿರ ವರ್ಷ ಹಿಂದಕ್ಕೆ ಹಾರಿದರು. ಆಗ ನಾವು ಹೇಗಿದ್ದೆವು, ಲೋಕವೆಲ್ಲ ನಮ್ಮ ಹತ್ತಿರ ಕಲಿಯಲು ಬರುತ್ತಿತ್ತು, ಅದನ್ನು ಮರೆಸಿದ್ದೇ ನಿಮ್ಮ ಕಾಲದವರು ಎಂದು. ನೀವು ನಕ್ಕಿರಿ. “ಸಾವಿರ ವರ್ಷದ ಹಿಂದೆ ನಮ್ಮೋರು ಯಾರ ಹೊಲದಲ್ಲಿ ಕಳೆ ಕೀಳ್ತಿದ್ರೋ ನಂಗೊತ್ತಿಲ್ಲಪ್ಪ. ನಂಗೊತ್ತಿರೋದು ನಾನು ಫೌಂಡ್ರೀಲಿ ಎರಕ ಹೊಯ್ದಿದ್ದು.” ನಮ್ಮ ಲಿಖಿತಾ ಫೋನಿನಿಂದ ಕಣ್ಣು ತೆಗೆಯದೆ, “ನಂಗೆ ತೊಂಬತ್ತರ ಕಾಲ ಸಾಕಪ್ಪ, ಫೋನೇ ಇಲ್ದೆ ಎಷ್ಟು ಆರಾಮಾಗಿದ್ರಿ ಎಲ್ಲ” ಎಂದಳು. ನನಗೆ ನಗು ಬಂತು. ಒಂದೇ ಮನೆಯಲ್ಲಿ ಮೂರು ಜನ, ಮೂರು ಬೇರೆ ಬೇರೆ ಒಳ್ಳೆಯ ಕಾಲಗಳು. ಒಬ್ಬರಿಗೂ ಇವತ್ತು ಬೇಡ.

ಆಮೇಲೆ ನೀವಿಬ್ಬರೂ ನನ್ನ ಕಡೆ ತಿರುಗಿದಿರಿ. “ನೀನು ಹಿಸ್ಟರಿ ಟೀಚರ್, ನೀನೇ ಹೇಳಮ್ಮ” ಎಂದಿರಿ. “ಹೇಳು, ಹೇಳು” ಎಂದರು ಇವರು. ಸಾರು ಆರುತ್ತದೆ, ಊಟ ಮಾಡಿ ಎಂದೆ. ನುಣುಚಿಕೊಂಡೆ ಎಂದು ಇಬ್ಬರೂ ತಿಳಿದಿರಿ. ಹಾಗಲ್ಲ ಮಾವ, ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಆಗ ನಿಮ್ಮ ಮಗ ಆ ಮಾತು ಆಡಿದರು. “ನಿಮ್ಮ ತಲೆಮಾರೇ ಅಪ್ಪ ದೇಶ ಹಾಳು ಮಾಡಿದ್ದು. ಕ್ವಾರ್ಟರ್ಸ್ ತಗೊಂಡ್ರಿ, ಸಂಬಳ ತಗೊಂಡ್ರಿ, ಬೋನಸ್ ತಗೊಂಡ್ರಿ. ದೇಶಕ್ಕೋಸ್ಕರ ನೀವು ಕಳ್ಕೊಂಡಿದ್ದಾದ್ರೂ ಏನು?”

ನೀವು ತಿರುಗಿ ಬಯ್ಯುತ್ತೀರಿ ಎಂದುಕೊಂಡೆ. ಬಯ್ಯಲಿಲ್ಲ. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದಿರಿ. ಬ್ಯಾಗಿಗೆ ಎರಡು ಜೊತೆ ಬಟ್ಟೆ, ಬಿಪಿ ಮಾತ್ರೆ ಹಾಕಿಕೊಂಡು, “ಶಂಕ್ರಿ ಮನೆಗೆ ಹೋಗ್ಬರ್ತೀನಿ” ಎಂದು ನನಗೊಬ್ಬಳಿಗೇ ಹೇಳಿ ಚಪ್ಪಲಿ ಮೆಟ್ಟಿದಿರಿ. ಸಂಜೆಯ ಬಸ್ಸಿಗೆ ಬರುತ್ತಾರೆ ಬಿಡು ಎಂದರು ಇವರು. ನೀವು ಬರಲಿಲ್ಲ. ಆ ವಾರ ಬರಲಿಲ್ಲ, ಆ ತಿಂಗಳು ಬರಲಿಲ್ಲ, ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೂ ಬರಲಿಲ್ಲ. ಮಾತು ನಾಟಿದೆ ಎಂದಷ್ಟೇ ನಾನು ತಿಳಿದಿದ್ದೆ. ಎಲ್ಲಿಗೆ ನಾಟಿತ್ತು ಎಂದು ಗೊತ್ತಾಗಿದ್ದು ಶಂಕರಮ್ಮತ್ತೆಯ ಮನೆಗೆ, ಜನ್ನಾಪುರಕ್ಕೆ ಬಂದ ದಿನ.

ಅವತ್ತು ನಾನು ನಿಮ್ಮನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದೆ. ನೀವು ಲೈಬ್ರರಿಗೆ ಪೇಪರ್ ಓದಲು ಹೋಗಿದ್ದಿರಿ. ಶಂಕರಮ್ಮತ್ತೆ ಜಗುಲಿಯ ಮೇಲೆ ಹರಿವೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನೂ ಒಂದು ಹಿಡಿ ಎಳೆದುಕೊಂಡು ಕೂತೆ. ಜಗಳ ಏನಂತ ಆಯ್ತು, ಅಣ್ಣ ಬಾಯಿ ಬಿಡಲ್ಲ ಎಂದು ಕೇಳಿದರು. ನಾನು ಒಂದೊಂದೇ ಮಾತು ಹೇಳುತ್ತಾ ಹೋದೆ. ಕೊನೆಯ ಮಾತಿಗೆ ಅವರ ಕೈ ನಿಂತಿತು.

“ಏನ್ ಕಳ್ಕೊಂಡ್ರಿ ಅಂದ್ನಾ? ಶಿವು ಹಂಗಂದ್ನಾ?”

ಹೌದು ಎಂದೆ. ಅವರು ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿಬಿಟ್ಟರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ ಮಾವ. ಎಂಬತ್ತರ ಹತ್ತಿರದ ಹೆಂಗಸು ಐವತ್ತು ವರ್ಷ ಬಚ್ಚಿಟ್ಟುಕೊಂಡಿದ್ದೇ ಹೆಚ್ಚು.

“ನಿಂಗೊತ್ತಿಲ್ಲ ಮಾರಾಯ್ತಿ. ಎಮರ್ಜೆನ್ಸಿ ಟೈಮಲ್ಲಿ ಅಣ್ಣಂಗೆ ಆಪರೇಷನ್ ಮಾಡ್ಸಿದ್ರು, ಮಕ್ಕಳಾಗದಂಗೆ. ಶಿವೂಗೆ ಆಗ ನಾಲ್ಕು ವರ್ಷ. ಇದ್ದಿದ್ದು ಅದೊಂದೇ ಕೂಸು. ಮೇಲಿಂದ ಇಷ್ಟು ಜನ ಆಗ್ಲೇಬೇಕು ಅಂತ ಬಂದಿತ್ತಂತೆ. ಯಾವನೋ ಆಫೀಸರ್ ಬಂದು ಎರಡು ಮಕ್ಕಳು ಅಂತ ಸುಳ್ಳು ಬರ್ಕೊಂಡ. ಮಾಡಿಸ್ಕೊಂಡ್ರೆ ಕ್ವಾರ್ಟರ್ಸ್ ಸಿಗುತ್ತೆ, ಇಲ್ದಿದ್ರೆ ಕೆಲಸಾನೂ ಉಳಿಯಲ್ಲ ಅಂದ್ನಂತೆ. ಅಣ್ಣನೂ ಅವನ ಜೊತೆಗಾರ ಮಲ್ಲಿಕ್ಕೂ ಒಂದೇ ಜೀಪಲ್ಲಿ ಹೋದ್ರು. ಊರಿಗೆಲ್ಲ ಕಾಮಾಲೆ ಅಂತ ಹೇಳಿ ಒಂದ್ ವಾರ ನಮ್ಮನೇಲಿ ಮಲಗಿದ್ದ.”

ನಾನು ತೀರಿಹೋದ ನಮ್ಮತ್ತೆಯ ಬಗ್ಗೆ ಕೇಳಿದೆ. ಅತ್ತೆ ಇನ್ನೊಂದು ಮಗುವಿಗಾಗಿ ಹರಕೆ ಹೊತ್ತಿದ್ದನ್ನು ನನಗೆ ಅವರೇ ಹೇಳಿದ್ದರು, ಲಿಖಿತಾ ಹುಟ್ಟಿದಾಗ. ಹೆಣ್ಣುಮಗು ಬೇಕು ಅಂತ ಎಷ್ಟು ಬೇಡ್ಕೊಂಡೆ ಶೀಲಾ, ದೇವರು ಈಗ ಕೊಟ್ಟ ಎಂದಿದ್ದರು.

“ಹೂವಮ್ಮ ಅಂತರಘಟ್ಟೆ ಅಮ್ಮನ ಗುಡಿಗೆ ಹೋಗ್ತಿದ್ಲು, ಅಲ್ಲಿಗೆ ಹೋಗ್ತಿದ್ಲು, ಇಲ್ಲಿಗೆ ಹೋಗ್ತಿದ್ಲು. ಅಣ್ಣನೂ ಜೊತೇಲಿ ಹೋಗಿ ಕೈ ಮುಗಿದು ಬರ್ತಿದ್ದ. ಅವಳಿಗೆ ಗೊತ್ತಿತ್ತೋ ಇಲ್ವೋ, ನಂಗಿವತ್ತಿಗೂ ಗೊತ್ತಿಲ್ಲ. ಕೇಳೋ ಧೈರ್ಯ ನಂಗೆ ಬರ್ಲಿಲ್ಲ.”

ಅಷ್ಟರಲ್ಲಿ ನೀವು ಬಂದಿರಿ. ನನ್ನ ಮುಖ ನೋಡಿದಿರಿ, ತಂಗಿಯ ಮುಖ ನೋಡಿದಿರಿ. “ಬಾರಮ್ಮ, ನಾವಿದ್ದ ಕಾಲೋನಿ ತೋರಿಸ್ತೀನಿ. ನೀನು ನೋಡೇ ಇಲ್ಲ ಅಲ್ವಾ” ಎಂದಿರಿ. ನಿಜ, ನಾನು ಸೊಸೆಯಾಗಿ ಬರುವ ಮೊದಲೇ ನಿಮ್ಮ ಎರಕದ ಕಾರ್ಖಾನೆ ಮುಚ್ಚಿ, ನೀವೆಲ್ಲ ಗೋಪಾಳಕ್ಕೆ ಬಂದಿದ್ದಿರಿ. ಭದ್ರಾವತಿಯ ದೊಡ್ಡ ಕಾರ್ಖಾನೆಗಳ ಹೆಸರು ಎಲ್ಲರಿಗೂ ಗೊತ್ತು. ನಿಮ್ಮ ಫೌಂಡ್ರಿಯ ಹೆಸರು ಈಗ ಹೇಳಿದರೆ ಆಟೋದವನಿಗೂ ಗೊತ್ತಾಗಲಿಲ್ಲ. ನೀವೇ ದಾರಿ ಹೇಳಿ ಕರೆದುಕೊಂಡು ಹೋದಿರಿ.

ಅಲ್ಲಿ ನೀವು ಬೇರೆಯೇ ಮನುಷ್ಯರಾದಿರಿ. ಹೆಂಚು ಹಾರಿಹೋದ ಮನೆಗಳ ಸಾಲು, ಎದೆಯೆತ್ತರ ಬೆಳೆದ ಲಂಟಾನದ ಪೊದೆ, ನನಗೆ ಕಂಡಿದ್ದು ಅಷ್ಟೇ. ನಿಮಗೆ ಕಂಡಿದ್ದು ಎಷ್ಟೊಂದು! ಇಲ್ಲಿ ಸೆಲ್ವಿ ಅಕ್ಕನ ಮನೆ, ಅವಳ ಮನೆಯ ಕೊಳಂಬು ಸಾರು ಒಲೆ ಮೇಲಿದ್ದರೆ ಸಾಲಿಗೆಲ್ಲ ಹಸಿವು. ಇಲ್ಲಿ ಬಿಳಿ ಪರದೆ ಕಟ್ಟಿ ಸಿನಿಮಾ. ಇಲ್ಲಿ ಡಿಸ್ಪೆನ್ಸರಿ, ಚೀಟಿ ತೋರಿಸಿದರೆ ಔಷಧಿ. ಸಾಲಿನಲ್ಲಿ ತಮಿಳಿನವರು, ತೆಲುಗಿನವರು, ನಾವು. ಮಗು ಯಾವ ಮನೆಯಲ್ಲಿ ಉಂಡಿತು ಎಂದು ಯಾರೂ ಕೇಳುತ್ತಿರಲಿಲ್ಲ. “ಇದು ಮಲ್ಲಿಕ್ ಮನೆ. ಒಂದೇ ತಟ್ಟೇಲಿ ಉಂಡಿದೀವಿ ನಾವಿಬ್ರೂ. ಈಗ ನೋಡು, ಹಬ್ಬ ಬಂದ್ರೆ ಪೊಲೀಸ್ರು ಬೇಕು” ಎಂದಿರಿ.

ನಿಮಗೆ ಹೇಳಲೇಬೇಕು, ಆ ಹೊತ್ತಿಗೆ ನನಗೆ ಅತ್ತೆ ಒಮ್ಮೆ ಆಡಿದ ಮಾತು ನೆನಪಾಯಿತು. ಹಿತ್ತಾಳೆ ಪಾತ್ರೆ ತಿಕ್ಕುತ್ತಾ, ಈ ಲೋಟ ಬೇರೆ ಇಡು, ಇದು ಆಗ ಮಲ್ಲಿಕ್ ಬಂದರೆ ಕೊಡುತ್ತಿದ್ದಿದ್ದು ಎಂದಿದ್ದರು. ನೀವು ಹೊರಗೆ ಒಂದೇ ತಟ್ಟೆಯಲ್ಲಿ ಉಂಡಿದ್ದೂ ನಿಜ. ಮನೆಯಲ್ಲಿ ಅವರಿಗೆ ಬೇರೆ ಲೋಟ ಇದ್ದದ್ದೂ ನಿಜ. ಎರಡರಲ್ಲಿ ಯಾವುದನ್ನು ಆ ಕಾಲ ಎಂದು ಕರೆಯಲಿ? ಕೇಳೋಣವೆಂದು ನಿಮ್ಮ ಕಡೆ ತಿರುಗಿದೆ. ನಿಮ್ಮ ಮುಖದಲ್ಲಿ ಅಷ್ಟು ಕಳೆಯಿತ್ತು, ಬಾಯಿ ಬರಲಿಲ್ಲ.

ಹನ್ನೊಂದನೇ ಸಾಲಿನ ಕೊನೆಗೆ ನಿಮ್ಮ ಮನೆ. ಬಾಗಿಲು ಕಿಟಕಿ ಯಾರೋ ಕಿತ್ತುಕೊಂಡು ಹೋಗಿದ್ದರು. ಹಿತ್ತಲಲ್ಲಿ ಮರದ ಮೋಟೊಂದು ಉಳಿದಿತ್ತು. ನೀವು ಅಡುಗೆಮನೆ ಇದ್ದ ಜಾಗದಲ್ಲಿ ಹೋಗಿ ನಿಂತಿರಿ. ಆಪರೇಷನ್ ಮಾಡಿಸಿಕೊಂಡಿದ್ದಕ್ಕೆ ಸಿಕ್ಕ ಮನೆ ಇದು ಎಂದು ನನಗೆ ಆಗ ಹೊಳೆಯಿತು. ಈ ಮನೆಯನ್ನೇ ನೀವು ಇಷ್ಟು ವರ್ಷ ನಮ್ಮ ಮುಂದೆ ಸ್ವರ್ಗದ ಹಾಗೆ ಬಣ್ಣಿಸುತ್ತಿದ್ದುದು. ನಾನು ತಡೆಯಲಾರದೆ ಕೇಳಿದೆ: “ಮಾವ, ಇದೆಲ್ಲ ಆದಮೇಲೂ ಒಳ್ಳೇ ಕಾಲ ಅಂತೀರಲ್ಲ, ಹೇಗೆ?”

ನೀವು ನನ್ನ ಕಡೆ ನೋಡದೆ ಹೇಳಿದ ಮಾತನ್ನು ಮರೆತೇನೆಂದು ಅವತ್ತೇ ಬಸ್ಸಿನಲ್ಲಿ ಮನಸ್ಸಿನೊಳಗೆ ಮತ್ತೆ ಮತ್ತೆ ಹೇಳಿಕೊಂಡೆ. “ಮೋಸ ಆಯ್ತು ಕಣಮ್ಮ, ಇಲ್ಲ ಅನ್ನಲ್ಲ. ಜೀಪಿಂದ ಇಳಿದು ನಾನೂ ಮಲ್ಲಿಕ್ಕೂ ಗೋಡೆ ಕಡೆ ಮುಖ ಮಾಡ್ಕೊಂಡು ಅತ್ವಿ. ಆದ್ರೆ ವಾಪಸ್ ಕೆಲಸಕ್ಕೆ ಹೋದಾಗ ಮತ್ತೆ ಅದೇ ಅನ್ನಿಸ್ತಿತ್ತು, ಇದೆಲ್ಲ ಮುಂದಿನೋರಿಗೆ ಅಂತ. ನಾವು ಹೊಯ್ದ ಎರಕ ಯಾವ್ದೋ ಸೇತುವೆಗೆ ಹೋಗುತ್ತೆ, ಯಾವ್ದೋ ಡ್ಯಾಮಿನ ಗೇಟಿಗೆ ಹೋಗುತ್ತೆ, ನಮ್ಮ ಮಕ್ಕಳು ಚೆನ್ನಾಗಿರ್ತಾರೆ. ಹಂಗಂತ ನಂಬಿದ್ವಿ. ಆ ನಂಬಿಕೆ ನಿಜಾನೋ ಸುಳ್ಳೋ ನಂಗೊತ್ತಿಲ್ಲ. ಇತ್ತು, ಅಷ್ಟೇ. ಈಗ ಅದು ನಂಗೆ ಎಲ್ಲೂ ಕಾಣಿಸ್ತಿಲ್ಲ.”

ಅತ್ತೆಗೆ ಗೊತ್ತಿತ್ತಾ ಎಂದು ಕೇಳಿದೆ. “ಅವಳು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಎಂದಿರಿ. ಸ್ವಲ್ಪ ದೂರ ನಡೆದ ಮೇಲೆ, “ಶಿವೂಗೆ ಹೇಳ್ಬೇಡ. ಅವ್ನು ಇದನ್ನೂ ಗ್ರೂಪಿಗೆ ಹಾಕ್ತಾನೆ” ಎಂದಿರಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಬನ್ನಿ ಎಂದಿದ್ದಕ್ಕೆ ತಲೆ ಅಲ್ಲಾಡಿಸಿದಿರಿ. “ಅಲ್ಲಿಗೆ ಬಂದ್ರೆ ನಾನು ಬರೀ ಹಳೇ ಮುದುಕ. ಇಲ್ಲಿ ಶಂಕ್ರಿಗಾದ್ರೂ ಅಣ್ಣ.”

ನಾನು ಒಬ್ಬಳೇ ಬಸ್ಸು ಹತ್ತಿದೆ.

ಆ ದಾರಿಯುದ್ದಕ್ಕೂ ಲೆಕ್ಕ ತಪ್ಪಿದವಳ ಹಾಗೆ ಕೂತಿದ್ದೆ. ವರ್ಷ ವರ್ಷವೂ ನಾನು ತುರ್ತು ಪರಿಸ್ಥಿತಿಯನ್ನು ಪಾಠ ಮಾಡುತ್ತೇನೆ ಮಾವ. ಒಂದು ಪ್ಯಾರಾ, ಎರಡು ಅಂಕದ ಪ್ರಶ್ನೆ. ಘೋಷಣೆಯಾದ ವರ್ಷ, ಮುಗಿದ ವರ್ಷ ಬರೆಸಿ ಮುಂದಕ್ಕೆ ಹೋಗುತ್ತೇನೆ. ಅದು ದಿನಾ ನನ್ನ ಎದುರು ಕೂತು ಮುದ್ದೆ ಉಣ್ಣುತ್ತಿತ್ತು, ಉಪ್ಪು ಸಾಲದು ಎನ್ನುತ್ತಿತ್ತು ಎಂದು ನನಗೆ ತಿಳಿದಿರಲಿಲ್ಲ. ಅದು ತಿಳಿದ ಮೇಲೆ ಆ ಕಾಲ ಕೆಟ್ಟದ್ದಾಗಿತ್ತು ಎಂದು ಸಲೀಸಾಗಿ ಹೇಳಬಹುದಲ್ಲ? ಹೇಳಲಾಗುತ್ತಿಲ್ಲ. ಏಕೆಂದರೆ ನಮ್ಮ ಅಮ್ಮ ಈಶ್ವರಮ್ಮ ಗಾಜನೂರಿನಲ್ಲಿ ಬೇರೆಯವರ ಗದ್ದೆಗೆ ನಾಟಿಗೆ ಹೋಗುತ್ತಿದ್ದವಳು. ಅವಳ ಮಗಳು ಬಿ.ಎಡ್. ಮಾಡಿದ್ದು ಸರ್ಕಾರಿ ಶಾಲೆ, ಸರ್ಕಾರಿ ಹಾಸ್ಟೆಲಿನ ಅನ್ನದಿಂದ. ಆ ಅನ್ನ ನಿಮ್ಮ ಕಾಲದವರು ಇಟ್ಟಿದ್ದು. ಅದೇ ಅಮ್ಮ ಮಾತ್ರ “ಯಾವ ಒಳ್ಳೇ ಕಾಲಾನೇ? ನಂಗೆ ಗ್ಯಾಸ್ ಒಲೆ ಬಂದ್ಮೇಲೇ ಕಣ್ಣು ಉರಿಯೋದು ನಿಂತಿದ್ದು” ಎನ್ನುತ್ತಾಳೆ. ಯಾರನ್ನು ಸುಳ್ಳು ಅನ್ನಲಿ?

ಮಾರನೇ ವಾರ ಹತ್ತನೇ ತರಗತಿಯಲ್ಲಿ ಒಬ್ಬಳು ಎದ್ದು ನಿಂತು, “ಮಿಸ್, ಮುಂಚೆ ಚೆನ್ನಾಗಿತ್ತಾ, ಈಗ ಚೆನ್ನಾಗಿದೆಯಾ?” ಎಂದಳು. ಸಭೆಯೊಂದರಲ್ಲಿ ಚರ್ಚಾ ಸ್ಪರ್ಧೆ ಇದೆಯಂತೆ, ಪಾಯಿಂಟ್ ಬೇಕಂತೆ. ಯಾವ ಪಕ್ಷ ಎಂದೆ. ಯಾವುದಾದರೂ ಸರಿ ಮಿಸ್, ಬಹುಮಾನ ಬಂದರೆ ಸಾಕು ಎಂದಳು. ಎರಡೂ ಕಡೆಗೆ ಪಾಯಿಂಟ್ ಕೊಟ್ಟೆ. ಬೋರ್ಡಿನ ಮೇಲೆ ಬರೆಯುತ್ತಾ ಹೋದ ಹಾಗೆ ಎರಡೂ ಕಡೆ ಸಮವಾಗಿ ತುಂಬಿತು. ಮಕ್ಕಳು ಬರೆದುಕೊಂಡರು. ನಾನು ನಿಮ್ಮ ಹನ್ನೊಂದನೇ ಸಾಲಿನ ಮನೆಯನ್ನು ಯಾವ ಕಡೆಗೆ ಬರೆಯಬೇಕು ಎಂದು ಯೋಚಿಸುತ್ತಾ ಚಾಕ್‌ಪೀಸ್ ಹಿಡಿದು ನಿಂತುಬಿಟ್ಟೆ. ಬೆಲ್ ಹೊಡೆಯಿತು.

ಇನ್ನು ನಿಮ್ಮ ಮಗನ ವಿಷಯ. ನಾನು ಹೇಳಿಲ್ಲ ಮಾವ, ನಂಬಿ. ನೀವು ಬೇಡ ಅಂದಿರಿ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಹೇಳಲು ನಾಚಿಕೆಯಾಗುತ್ತದೆ. ಹೇಳಿದರೆ ಅವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿಲ್ಲ. ‘ನೋಡಿದ್ಯಾ, ಅಪ್ಪನ ಒಳ್ಳೇ ಕಾಲ ಅಪ್ಪನಿಗೇ ಮಾಡಿದ್ದು’ ಎಂದು ಗೆದ್ದವರ ಹಾಗೆ ಎದ್ದು ನಿಲ್ಲುತ್ತಾರೋ, ಅಥವಾ ಕುಸಿದು ಕೂರುತ್ತಾರೋ. ಇಷ್ಟು ವರ್ಷ ಬಾಳ್ವೆ ಮಾಡಿದ ಗಂಡ. ಎರಡರಲ್ಲಿ ಒಂದನ್ನು ಖಂಡಿತವಾಗಿ ಹೇಳಲು ನನ್ನಿಂದ ಆಗುತ್ತಿಲ್ಲ. ಮೊದಲು ಆಗುತ್ತಿತ್ತು. ಈ ದೇಶದ ವಾದ ಮನೆಯೊಳಗೆ ಬಂದ ಮೇಲೆ ನನ್ನ ಮನೆಯವರೇ ನನಗೆ ಅರ್ಧ ತಿಳಿಯುತ್ತಾರೆ.

ನಾನು ನಿಮ್ಮಲ್ಲಿಂದ ಬಂದ ದಿನ ಅವರು ಅಂಗಡಿಯಿಂದ ಬಂದು, ಪಂಪ್‌ಸೆಟ್ಟಿನ ಗ್ರೀಸ್ ಹತ್ತಿದ ಕೈಯನ್ನು ಬಹಳ ಹೊತ್ತು ತೊಳೆದರು. ಊಟದ ಹೊತ್ತಿಗೆ, “ಕಾಲೋನಿ ಕಡೆ ಹೋಗಿದ್ರಾ?” ಎಂದರು. ಹೋಗಿದ್ದೆವು ಎಂದೆ. “ಹಿತ್ತಲ ಸೀಬೆ ಮರ…” ಎಂದು ಶುರು ಮಾಡಿ, ನಾನು ಬಾಯಿ ತೆರೆಯುವ ಮೊದಲೇ, “ಇಲ್ಲ, ಹೋದ ಮಳೆಗಾಲದಲ್ಲೇ ಕಡಿದಿದಾರೆ” ಎಂದರು.

ನಿಮಗೆ ಹೇಗೆ ಗೊತ್ತು ಎಂದೆ. ಮೊದಲು ಏನೋ ಹೇಳಿ ಹಾರಿಸಿದರು. ಆಮೇಲೆ ನಿಧಾನಕ್ಕೆ ಬಂತು. ಭದ್ರಾವತಿಗೆ ಮೋಟಾರ್ ತಲುಪಿಸಲು ಹೋದಾಗಲೆಲ್ಲ ಆ ಕಡೆ ಗಾಡಿ ತಿರುಗಿಸುತ್ತಾರಂತೆ. ಇಳಿಯುವುದಿಲ್ಲವಂತೆ. ಸಾಲಿನ ತುದಿಯಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಗಾಜು ಇಳಿಸಿ ಕೂತು, ಬಂದುಬಿಡುತ್ತಾರಂತೆ. ಎಷ್ಟೋ ವರ್ಷದಿಂದ! 

“ಹಾಗಾದ್ರೆ ನಿಮಗೂ ಆ ಕಾಲವೇ ಬೇಕು” ಎಂದೆ. ಸಿಟ್ಟು ಬಂತು ಅವರಿಗೆ. “ಕಾಲೋನಿ ಬೇರೆ, ದೇಶ ಬೇರೆ. ಎರಡನ್ನೂ ಕಲಸ್ಬೇಡ” ಎಂದು ಗದರಿದರು. ನಿಮಗೆ ಅವೆರಡೂ ಒಂದೇ ಆಗಿದ್ದವು ಎಂದು ಹೇಳಬೇಕೆನ್ನಿಸಿತು. ಅವರು ತಟ್ಟೆ ತೆಗೆದುಕೊಂಡು ಹೋಗಿ ಸಿಂಕಿನ ಹತ್ತಿರ ನಿಂತು, ನನಗೆ ಬೆನ್ನು ಹಾಕಿಕೊಂಡೇ ಹೇಳಿದರು: “ಚಿಕ್ಕವನಿದ್ದಾಗ ನಾನು ಅಮ್ಮನ ಹತ್ರ ದಿನಾ ಹಟ ಮಾಡ್ತಿದ್ದೆ, ನಂಗೊಬ್ಬ ತಂಗಿ ಬೇಕು ಅಂತ. ಸೆಲ್ವಿ ಅಕ್ಕನ ಮಕ್ಕಳು ಐದು ಜನ, ನಾನು ಒಬ್ನೇ. ಅಪ್ಪ ಆಗ ಎದ್ದು ಹೊರಗೆ ಹೋಗಿಬಿಡೋರು. ಯಾಕೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ ನಂಗೆ. ಅವತ್ತು ಊಟ ಬಿಟ್ಟು ಎದ್ದು ಹೋದ್ರಲ್ಲ, ಥೇಟ್ ಹಾಗೇ.”

ನಾನು ಒಲೆಯ ಕಟ್ಟೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದೆ. ಬಾಯಿತುದಿಗೆ ಬಂದಿತ್ತು ಮಾವ. ನುಂಗಿಕೊಂಡೆ. ನುಂಗಿದ್ದು ಸರಿಯೋ ತಪ್ಪೋ, ಅದೂ ತಿಳಿಯಲಿಲ್ಲ.

ಅವತ್ತಿನಿಂದ ಅವರು ಗ್ರೂಪಿಗೆ ಏನೂ ಹಾಕಿಲ್ಲ. ಮನಸ್ಸು ಬದಲಾಗಿದೆ ಎಂದು ತಿಳಿಯಬೇಡಿ, ಅಂಗಡಿಗೆ ಬಂದವರ ಹತ್ತಿರ ಅದೇ ವಾದ ಮಾಡುತ್ತಾರೆ, ಅಷ್ಟೇ ಜೋರಾಗಿ. ಮನೆಯಲ್ಲಿ ಮಾತ್ರ ಇಲ್ಲ. ಮೊನ್ನೆ ಲಿಖಿತಾ, “ಅಜ್ಜ ಇಲ್ದೆ ಈ ಮನೇಲಿ ಜಗಳಾನೂ ಇಲ್ಲ, ಮಾತೂ ಇಲ್ಲ. ಹಾಸ್ಟೆಲೇ ವಾಸಿ” ಎಂದಳು. ಅವರು ಟಿವಿಯ ಸದ್ದು ಕಡಿಮೆ ಮಾಡಿ, ಯಾರನ್ನೂ ನೋಡದೆ, “ಭಾನುವಾರ ಹೋಗಿ ಕರ್ಕೊಂಡ್ ಬರ್ತೀನಿ” ಎಂದರು. ನನಗೂ ಬಾ ಎಂದರು. ಲಿಖಿತಾ ಕೂಡಲೇ ತಯಾರಾದಳು. ನನಗೆ ಪೇಪರ್ ತಿದ್ದುವುದಿದೆ, ಇವಳು ಅಜ್ಜಿ ಮನೆಗೆ ಗಾಜನೂರಿಗೆ ಹೋಗಲಿ ಎಂದೆ. ತಿದ್ದಲು ಪೇಪರ್ ಇಲ್ಲ. ಕಾರಿನಲ್ಲಿ ನೀವಿಬ್ಬರೇ ಇರಬೇಕು ಎಂದು ಹೇಳಿದ ಸುಳ್ಳು ಅದು.

ನೀವು ಬರುವುದಿಲ್ಲ ಎನ್ನಬಹುದು. ನಿಮ್ಮ ಹಟ ನನಗೆ ಗೊತ್ತು, ಅವರ ಹಟವೂ ಗೊತ್ತು. ಆದರೂ ಕೇಳುತ್ತಿದ್ದೇನೆ, ಕಾರು ಹತ್ತಿ. ನಿಮ್ಮ ಕಾಲ ಒಳ್ಳೆಯದಲ್ಲ ಎಂದು ಒಪ್ಪಿಕೊಳ್ಳಿ ಎನ್ನುವುದಿಲ್ಲ. ಅವರು ಒಪ್ಪಿಕೊಳ್ಳುತ್ತಾರೆ ಎಂದೂ ಹೇಳುವುದಿಲ್ಲ. ಮಾರನೇ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಮತ್ತೆ ಶುರು ಮಾಡಿಕೊಳ್ಳುತ್ತೀರಿ, ಮಾಡಿಕೊಳ್ಳಿ. ಯಾವ ಕಾಲ ಒಳ್ಳೆಯದು ಎಂದು ನನ್ನನ್ನು ಮಾತ್ರ ಕೇಳಬೇಡಿ. ಕೇಳಿದರೆ ಗೊತ್ತಿಲ್ಲ ಎಂದೇ ಹೇಳುತ್ತೇನೆ, ಸಾರಿನ ನೆಪ ಹೇಳುವುದಿಲ್ಲ.

ಒಂದು ಮಾತು ಮಾತ್ರ ನನಗೆ ಖಚಿತವಾಗಿ ಗೊತ್ತಿದೆ, ಅದನ್ನು ಬರೆಯಲಿಕ್ಕೇ ಇಷ್ಟು ಹಾಳೆ ತುಂಬಿಸಿದೆ. ಶಂಕರಮ್ಮತ್ತೆ ಹೇಳಿದ ವಿಷಯ ನನ್ನ ಹತ್ತಿರ ಇರಬೇಕಾದದ್ದಲ್ಲ. ನೀವು ಅದನ್ನು ನಿಮ್ಮ ನೋವು ಎಂದುಕೊಂಡಿದ್ದೀರಿ. ಹುಟ್ಟದೇ ಹೋದ ತಂಗಿಯೋ ತಮ್ಮನೋ ಅವರಿಗೂ ಸೇರಿದ್ದು. ಹಟ ಮಾಡಿದ ಆ ನಾಲ್ಕು ವರ್ಷದ ಹುಡುಗ ಇನ್ನೂ ಕಾರಣ ಕೇಳುತ್ತಿದ್ದಾನೆ. ದೇಶದ ಉತ್ತರ ಅವನಿಗೆ ಬೇಡ, ಅಪ್ಪನ ಉತ್ತರ ಬೇಕು.

ಭದ್ರಾವತಿ ಬಿಟ್ಟು ಮಾಚೇನಹಳ್ಳಿ ದಾಟುವವರೆಗೆ ಅವರು ಮಾತಾಡುವುದಿಲ್ಲ, ನನಗೆ ಗೊತ್ತು. ಎಫ್‌ಎಂ ಹಾಕುತ್ತಾರೆ. ಆಗ ನೀವು ಕೈ ಚಾಚಿ ಅದನ್ನು ಆರಿಸಿ, ಮಾವ. ಆಮೇಲೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಹೇಳಿದ ಮೇಲೆ ಅವರು ಗಾಡಿಯನ್ನು ರಸ್ತೆಪಕ್ಕಕ್ಕೆ ಹಾಕಿ ನಿಲ್ಲಿಸಿಬಿಟ್ಟರೆ ಹೆದರಬೇಡಿ. ಎಷ್ಟು ಹೊತ್ತಾದರೂ ನಿಂತಿರಿ. ಊಟಕ್ಕೆ ತಡವಾದರೆ ನಾನು ಫೋನ್ ಮಾಡುವುದಿಲ್ಲ.

ನಿಮ್ಮ ಆರೋಗ್ಯ ಚೆನ್ನಾಗಿರಲಿ. ಶಂಕರಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸಿ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ, ನಿಮ್ಮ ಮಗನ ತಲೆಯ ಮೇಲೂ.

ಬಾಗಿಲು ತೆರೆದುಕೊಂಡೇ ಇರುವ,
ನಿಮ್ಮ ಸೊಸೆ
ಶೀಲಾ